ಬಂದವರ ಕಿವಿಯಲ್ಲಿ ನಮ್ಮ ಮಾತು

ನಾನು ಜರ್ಮನ್ ಕಲಿಸುವ ಮೇಡಂ. ಮಲ್ಲೇಶ್ವರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕ್ಲಾಸು. ಬೆಳಿಗ್ಗೆ ಎಂಟಕ್ಕೆ ಕೆಳಗಿನಿಂದ ದಿಲ್‌ಪಸಂದ್ ಬೇಯುವ ವಾಸನೆ ಏಳುವ ಹೊತ್ತಿಗೆ, ರಾತ್ರಿ ಪಾಳಿ ಮುಗಿಸಿದ ನರ್ಸುಗಳು ಕಣ್ಣುಜ್ಜಿಕೊಳ್ಳುತ್ತ ಬಂದು ಬೆಂಚು ಹಿಡಿಯುತ್ತಾರೆ. ಹಾವೇರಿಯವಳೊಬ್ಬಳು, ಕಲಬುರಗಿಯವಳೊಬ್ಬಳು, ಶಿರಸಿಯ ಹುಡುಗ, ಕೊಟ್ಟಾಯಂನ ಅಕ್ಕ-ತಂಗಿ. ಬಿ-2 ಪರೀಕ್ಷೆ ಪಾಸಾದರೆ ಜರ್ಮನಿಯ ಆಸ್ಪತ್ರೆ, ನಪಾಸಾದರೆ ಮತ್ತೆ ಫೀಸು. ಡೆರ್, ಡೀ, ಡಾಸ್ ಎಂದು ಬಾಯಿಪಾಠ ಮಾಡುತ್ತಲೇ ತೂಕಡಿಸುತ್ತಾರೆ. ಮೇಜಿಗೂ ಕುರ್ಚಿಗೂ ಲಿಂಗ ಇರುವ ಭಾಷೆಯನ್ನು ನಿದ್ದೆಗಣ್ಣಿನಲ್ಲಿ ಕಲಿಯುವುದು ಹುಡುಗಾಟವಲ್ಲ. ಅದಕ್ಕೇ ತಿಂಗಳ ಕೊನೆಯ ಶನಿವಾರ ಪುಸ್ತಕ ಮುಚ್ಚಿಸಿ, ಗೋಡೆಯ ಮೇಲೆ ಒಂದು ಸಿನಿಮಾ ಬಿಡುತ್ತೇನೆ.

ಹೋದ ಬಾರಿ ಹಾಕಿದ್ದು ‘ಆಲ್ಮಾನ್ಯ’. ಟರ್ಕಿಯವರ ಬಾಯಲ್ಲಿ ಜರ್ಮನಿಗೆ ಅದೇ ಹೆಸರು. ಯಾಸೆಮಿನ್ ಶಾಮ್ದೆರೆಲಿ ತಂಗಿ ನೆಸ್ರಿನ್ ಜತೆ ಕೂತು ಬರೆದು, 2011ರಲ್ಲಿ ತೆರೆಗೆ ತಂದ ಚಿತ್ರ. ಹುಸೇಯಿನ್ ಯಿಲ್ಮಾಜ್ ಎಂಬ ಅನಾತೋಲಿಯಾದ ರೈತ ಅರವತ್ತರ ದಶಕದಲ್ಲಿ ಕೂಲಿಗೆಂದು ಜರ್ಮನಿಗೆ ಬರುತ್ತಾನೆ, ಆಮೇಲೆ ಹೆಂಡತಿ ಮಕ್ಕಳನ್ನೂ ಕರೆತರುತ್ತಾನೆ. ಈಗ ಅವನು ತಾತ. ತಾತನ ಕತೆಯನ್ನು ಮೊಮ್ಮಗಳು ಪುಟ್ಟ ಮೊಮ್ಮಗನಿಗೆ ಹೇಳುವ ಧಾಟಿಯಲ್ಲಿ ಸಿನಿಮಾ ಸಾಗುತ್ತದೆ.

ಹಳೆಯ ಕತೆಯ ಭಾಗದಲ್ಲಿ ಯಿಲ್ಮಾಜ್ ಮನೆಯವರೆಲ್ಲ ಸ್ವಚ್ಛವಾದ ಜರ್ಮನ್ ಮಾತಾಡುತ್ತಾರೆ, ನೋಡುವವರಿಗೆ ಅರ್ಥವಾಗಲಿ ಎಂದು. ಅವರು ಜರ್ಮನಿಯ ನೆಲ ಮುಟ್ಟಿದ ಮೇಲೆ ಎದುರಾಗುವ ಜರ್ಮನರು ಮಾತ್ರ ಜರ್ಮನ್ ಆಡುವುದಿಲ್ಲ. ಯಾವ ಭಾಷೆಯೂ ಅಲ್ಲದ, ಗಂಟಲಲ್ಲಿ ಕಲ್ಲು ಉರುಳಿಸಿದಂಥ ಒಂದು ಕಟ್ಟುಭಾಷೆ. ಹುಸೇಯಿನ್‌ನ ಹೆಂಡತಿ ಫಾತ್ಮಾ ಅಂಗಡಿಗೆ ಹೋಗಿ ಹಾಲು ಕೇಳುವ ಪಾಡು ಇರುವುದು ಈ ಭಾಗದಲ್ಲೇ. ಅವಳು ಹೇಳುವುದು ನಮಗೆಲ್ಲ ತಿಳಿಯುತ್ತದೆ, ಅಂಗಡಿಯವನಿಗೆ ತಿಳಿಯುವುದಿಲ್ಲ. ಅವನು ಹೇಳುವುದು ಅವಳಿಗೂ ತಿಳಿಯದು, ನಮಗೂ ತಿಳಿಯದು.

ನನ್ನ ನರ್ಸುಗಳು ಏನು ಮಾಡಿದರು ಗೊತ್ತೇ? ಪೆನ್ನು ಎತ್ತಿಕೊಂಡರು. ಕೊಟ್ಟಾಯಂನ ಅಕ್ಕ ಕೈ ಮೇಲೆತ್ತಿ, ಸ್ವಲ್ಪ ಹಿಂದಕ್ಕೆ ಹಾಕಿ ಮೇಡಂ, ಆ ಪದ ಕೇಳಿಸಲಿಲ್ಲ ಎಂದಳು. ಹಾಕಿದೆ. ಎರಡನೇ ಸಲವೂ ಕೇಳಿಸಲಿಲ್ಲ. ಶಿರಸಿಯ ಹುಡುಗ ಅದು ಬವೇರಿಯಾದ ಕಡೆಯ ಆಡುಭಾಷೆ ಇರಬೇಕೆಂದು ಊಹಿಸಿದ. ಎಂಟು ತಿಂಗಳು ಓದಿದ್ದೆಲ್ಲ ದಂಡವಾಯಿತೇನೋ ಎಂಬ ಗಾಬರಿ ಎಲ್ಲರ ಮುಖದಲ್ಲೂ ಕಾಣತೊಡಗಿತು. ಕೊನೆಗೆ ಹಾವೇರಿಯವಳು ಬೆಂಚು ಬಡಿದು, ‘ಇದು ಜರ್ಮನ್ನೇ ಅಲ್ರೀ ಮೇಡಮ್ಮಾರ, ಸುಳ್ಳ ಸುಳ್ಳ ಮಾತಾಡಾಕ ಹತ್ಯಾರ!’ ಎಂದು ಕೂಗಿದಳು. ಆಗ ಎದ್ದ ನಗುವಿಗೆ ಕೆಳಗಿನ ಬೇಕರಿಯ ಹುಡುಗ ಮೆಟ್ಟಿಲು ಹತ್ತಿ ಬಂದು ಇಣುಕಿದ.

ವಲಸೆ ಬಂದವರ ಮೇಲಿನ ಹಾಸ್ಯಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ, ಹೊಟ್ಟೆಪಾಡಿಗೂ ಚಪಲಕ್ಕೂ. ಅಂಥ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸಲು ನನ್ನ ಹತ್ತಿರ ಒಂದೇ ಒರೆಗಲ್ಲು ಇದೆ: ತೊದಲುವವರು ಯಾರು? ಬಂದವನು ತೊದಲಿ ಮನೆಯವರು ನಕ್ಕರೆ ಅದು ಊರಿನ ಹಳೇ ಚಾಳಿ, ಅದಕ್ಕೆ ಸಿನಿಮಾ ಬೇಕಿಲ್ಲ, ಬಸ್ ಸ್ಟಾಂಡ್ ಸಾಕು. ಮನೆಯವರ ಮಾತೇ ಗದ್ದಲವಾಗಿ ಕೇಳುವಂತೆ, ಮನೆಯವರ ನಿಯಮಗಳೇ ಹುಚ್ಚಾಟವಾಗಿ ಕಾಣುವಂತೆ ಮಾಡಿ, ಅದನ್ನು ಮನೆಯವರೇ ದುಡ್ಡು ಕೊಟ್ಟು ಬಂದು ನೋಡಿ ನಗುವಂತೆ ಮಾಡುವುದಿದೆಯಲ್ಲ, ಅದು ಕಷ್ಟದ ಕೆಲಸ. ಜರ್ಮನರು ‘ಆಲ್ಮಾನ್ಯ’ವನ್ನು ಮುಗಿಬಿದ್ದು ನೋಡಿದರು. ಚಿತ್ರಕಥೆಗೆ ಆ ದೇಶದ ಅತಿ ದೊಡ್ಡ ಚಲನಚಿತ್ರ ಪ್ರಶಸ್ತಿಯೂ ಬಂತು.

ನಿಜಸಂಗತಿಗೂ ಈ ಚಿತ್ರಕ್ಕೂ ಒಂದು ಕೊಂಡಿ ಇದೆ. ಯುದ್ಧ ಮುಗಿದು ಕಾರ್ಖಾನೆಗಳು ಎದ್ದು ನಿಂತಾಗ ಪಶ್ಚಿಮ ಜರ್ಮನಿಗೆ ಕೈಗಳು ಸಾಲದಾದವು. ಇಟಲಿ, ಸ್ಪೇನ್, ಗ್ರೀಸ್‌ಗಳೊಡನೆ ಒಪ್ಪಂದವಾಯಿತು. 1961ರ ಅಕ್ಟೋಬರ್ 30ರಂದು ಟರ್ಕಿಯ ಜತೆಗೂ ಆಯಿತು. ಬಂದವರಿಗೆ ಇಟ್ಟ ಹೆಸರು ಗಾಸ್ಟ್‌ಆರ್ಬೈಟರ್, ಅಂದರೆ ಅತಿಥಿ ಕಾರ್ಮಿಕರು. ಅತಿಥಿಯ ಕೈಯಲ್ಲಿ ಕಲ್ಲಿದ್ದಲು ಅಗೆಸುವುದು ಎಂಥ ಸತ್ಕಾರ ಎಂದು ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ, ನಮ್ಮ ಕಾಲೇಜುಗಳಲ್ಲಿ ವರ್ಷಗಟ್ಟಲೆ ದುಡಿಯುವ ‘ಅತಿಥಿ ಉಪನ್ಯಾಸಕರ’ನ್ನು ನೆನಪಿಸುತ್ತೇನೆ. ಎರಡು ಕಡೆಯೂ ಅರ್ಥ ಒಂದೇ: ಕೆಲಸ ಮುಗಿದ ಮೇಲೆ ಎದ್ದು ಹೋಗತಕ್ಕವರು.

1964ರ ಸೆಪ್ಟೆಂಬರ್ 10ರಂದು ಕಲೋನ್ ನಗರದ ಡಾಯ್ಟ್ಸ್ ನಿಲ್ದಾಣದಲ್ಲಿ ಅರ್ಮಾಂಡೊ ರೊಡ್ರಿಗಸ್ ಡಿ ಸಾ ಎಂಬ ಪೋರ್ಚುಗಲ್‌ನ ಬಡಗಿ ರೈಲಿಳಿದ. ಧ್ವನಿವರ್ಧಕದಲ್ಲಿ ತನ್ನ ಹೆಸರು ಕೂಗಿದಾಗ, ಎಲ್ಲೋ ಕಾಗದಪತ್ರ ತಪ್ಪಿರಬೇಕು, ವಾಪಸ್ ಕಳಿಸುತ್ತಾರೆ ಎಂದು ಹೆದರಿದನಂತೆ. ನೋಡಿದರೆ ಅವನು ಹತ್ತು ಲಕ್ಷನೆಯ ಅತಿಥಿ ಕಾರ್ಮಿಕ! ಹೂಗುಚ್ಛ, ಬ್ಯಾಂಡು, ಬಹುಮಾನಕ್ಕೆ ಒಂದು ಮೊಪೆಡ್. ಮೊಪೆಡ್ ಮೇಲೆ ಕೂತ ಅವನ ಫೋಟೊ ಜರ್ಮನಿಯ ಶಾಲಾಪುಸ್ತಕಗಳಲ್ಲಿದೆ. ‘ಆಲ್ಮಾನ್ಯ’ದ ಹುಸೇಯಿನ್ ಅದೇ ಸಾಲಿನಲ್ಲಿ ನಿಂತಿದ್ದವನು. ಸೌಜನ್ಯಕ್ಕೆ ಹಿಂದಿನವನಿಗೆ ‘ನೀವು ಮೊದಲು ಹೋಗಿ’ ಎಂದು ದಾರಿ ಬಿಟ್ಟು, ಹತ್ತು ಲಕ್ಷದ ಒಂದನೆಯವನಾಗುತ್ತಾನೆ. ಮೊಪೆಡ್ ಮುಂದಿನವನ ಪಾಲು. ಈ ತಮಾಷೆಯ ಅಡಿಯಲ್ಲಿ ಇನ್ನೊಂದು ಕತೆಯೂ ಇದೆ, ಅದನ್ನು ಚಿತ್ರ ಹೇಳುವುದಿಲ್ಲ. ನಿಜದ ಅರ್ಮಾಂಡೊ ಕಾಯಿಲೆ ಬಿದ್ದು ಊರಿಗೆ ಮರಳಿ 1979ರಲ್ಲಿ ತೀರಿಕೊಂಡ. ಮೊಪೆಡ್ ಈಗ ಬಾನ್ ನಗರದ ಮ್ಯೂಸಿಯಂನಲ್ಲಿ ಸುಖವಾಗಿದೆ.

ನನ್ನ ಕತೆಗೆ ಬರುತ್ತೇನೆ. ನನ್ನೂರು ಗದಗ. ಓದಲು ಬೆಂಗಳೂರಿಗೆ ಬಂದದ್ದು 1992ರಲ್ಲಿ. ಹಾಸ್ಟೆಲಿನಲ್ಲಿ ಬಾಯಿ ಬಿಟ್ಟರೆ ಸಾಕು, ಹುಡುಗಿಯರು ಸುತ್ತ ಸೇರುತ್ತಿದ್ದರು: ‘ಇನ್ನೊಂದ್ಸಲ ಹೇಳೇ, ಇನ್ನೊಂದ್ಸಲ!’ ನಾನು ಹೇಳಿದ್ದು ‘ನೀರು ಬಂದಾವೇನ್ರೀ’ ಎಂದಷ್ಟೇ. ನೀರು ಬಹುವಚನವಾದದ್ದಕ್ಕೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಸಿನಿಮಾಕ್ಕೆ ಹೋದರೆ ಅಲ್ಲೂ ನನ್ನ ಮಾತು ಇರುತ್ತಿದ್ದದ್ದು ಪಂಚೆ ಮೇಲೆ ಕಟ್ಟಿದ ಪೆದ್ದನ ಬಾಯಲ್ಲಿ. ಆರು ತಿಂಗಳಲ್ಲಿ ನಾಲಿಗೆ ತಿದ್ದಿಕೊಂಡೆ. ಫೋನಿನಲ್ಲಿ ಅವ್ವನ ಜತೆ ಒಂದು ಕನ್ನಡ, ಫೋನ್ ಇಟ್ಟ ಮೇಲೆ ಇನ್ನೊಂದು. ನನ್ನ ಮೊದಲ ವಲಸೆ ನಡೆದದ್ದು ಕನ್ನಡದ ಒಳಗೇ.

ಎರಡನೆಯದು 1999ರಲ್ಲಿ. ಯಜಮಾನರ ಕೆಲಸದ ಮೇಲೆ ಸ್ಟುಟ್‌ಗಾರ್ಟಿಗೆ ಹೋದೆವು. ಅಲ್ಲಿನ ಜನ ಆಡುವುದು ಶ್ವೇಬಿಷ್, ಬೇರೆ ಜರ್ಮನರು ಕೇಳಿ ಮುಸಿಮುಸಿ ನಗುವ ಆಡುನುಡಿ. ನಾನು ಪುಸ್ತಕದಿಂದ ಕಲಿತ ಜರ್ಮನ್ ಅಲ್ಲಿ ಅರ್ಧ ಕೆಲಸಕ್ಕೆ ಬರಲಿಲ್ಲ. ಆ ವರ್ಷವೇ ಆ ರಾಜ್ಯ ಸರ್ಕಾರ ಒಂದು ಪ್ರಚಾರ ಶುರುಮಾಡಿತ್ತು. ನಮಗೆ ಎಲ್ಲ ಬರುತ್ತದೆ, ಶಿಷ್ಟ ಜರ್ಮನ್ ಒಂದು ಬಿಟ್ಟು ಎಂಬುದು ಅದರ ತಿರುಳು. ಭಿತ್ತಿಪತ್ರದ ಮುಂದೆ ನಿಂತು ಎರಡು ಸಲ ಓದಿದೆ. ಕಾರು ತಯಾರಿಸುವ ಶ್ರೀಮಂತ ರಾಜ್ಯವೊಂದು ತನ್ನ ಮಾತಿನ ‘ದೋಷ’ವನ್ನು ಸರ್ಕಾರಿ ಖರ್ಚಿನಲ್ಲಿ ಜಾಹೀರು ಮಾಡಿ ನಗುತ್ತಿತ್ತು. ಗದಗಿನ ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿ ನುಂಗಿಕೊಂಡದ್ದೆಲ್ಲ ಅಂದು ಗಂಟಲಿಗೆ ಬಂತು. ನಗುವುದಕ್ಕೂ ಒಂದು ಸ್ಥಾನಬಲ ಬೇಕು, ನಿಜ. ಬೆನ್ಜ್ ಕಾರು ಮಾಡುವವರು ತಮ್ಮನ್ನು ತಾವು ಗೇಲಿ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಅಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಉಂಟು. ಕಟ್ಟಡದ ಸಾಮಾನ್ಯ ಮೆಟ್ಟಿಲು, ಅಂಗಳ, ಕಾಲುದಾರಿಗಳನ್ನು ಮನೆಗೊಂದು ವಾರದಂತೆ ಸರದಿಯ ಮೇಲೆ ಗುಡಿಸಬೇಕು. ಸರದಿ ಬಂತೆಂದು ಹೇಳಲು ಬಾಗಿಲ ಹಿಡಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಮೂರನೇ ವಾರ ನಮ್ಮ ಬಾಗಿಲಿಗೆ ಹಲಗೆ ಬಂತು. ಮನೆಯ ಮುಂದೆ ಗುಡಿಸಿ ಸಾರಿಸುವುದನ್ನು ಗದಗಿನವಳಿಗೆ ಹೇಳಿಕೊಡಬೇಕೇ ಎಂದು ನಸುಕಿಗೇ ಎದ್ದೆ. ಮೂರು ಬಕೆಟ್ ನೀರು ಮೇಲಿನ ಮೆಟ್ಟಿಲಿನಿಂದ ಸುರಿದು, ಪೊರಕೆಯಲ್ಲಿ ತಿಕ್ಕಿ ಕೆಳಕ್ಕೆ ತಳ್ಳಿದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ನಮ್ಮಲ್ಲಿ ಗಟಾರಕ್ಕೆ ಹೋಗುತ್ತದೆ. ಅಲ್ಲಿ ಅದು ನೆಲಮಾಳಿಗೆಗೆ ಇಳಿದು, ಕೆಳಮನೆ ಅಜ್ಜಿಯ ಆಲೂಗಡ್ಡೆ ಮೂಟೆಯ ಬುಡ ಸೇರಿತು. ನನಗಿದು ಗೊತ್ತಿಲ್ಲ. ಹುರುಪಿನಲ್ಲಿ ಹೊರಗೆ ಹೋಗಿ ಕಾಲುದಾರಿಯ ಮೇಲೆ ಊರಿನಿಂದ ತಂದಿದ್ದ ರಂಗೋಲಿ ಪುಡಿಯಲ್ಲಿ ಏಳು ಚುಕ್ಕಿಯದೊಂದು ಎಳೆದೆ.

ಅಜ್ಜಿ ಬಂದರು. ಮೊದಲು ಆಲೂಗಡ್ಡೆಯ ವಿಷಯ ಹೇಳಿದರು ಎಂದು ಈಗ ಊಹಿಸುತ್ತೇನೆ, ಆಗ ನನಗೆ ತಿಳಿದದ್ದು ಶ್, ಲೆ, ಶ್, ಲೆ ಎಂಬ ಸದ್ದು ಮಾತ್ರ. ಆಮೇಲೆ ಕೈಯಲ್ಲಿದ್ದ ಮನೆ ನಿಯಮಗಳ ಹಾಳೆ ಬಿಚ್ಚಿ, ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಕಾಲುದಾರಿಯ ಮೇಲೆ ಬಿಳಿ ಪುಡಿಯಲ್ಲಿ ಚಿತ್ರ ಬರೆಯಬಾರದೆಂದು ಎಲ್ಲೂ ಬರೆದಿರಲಿಲ್ಲ. ಬರೆಯಬಹುದೆಂದೂ ಇರಲಿಲ್ಲ. ಪಾಪ, ಏನು ಮಾಡಬೇಕು ತೋಚದೆ ರಂಗೋಲಿಯನ್ನು ಸುತ್ತು ಹಾಕಿಕೊಂಡು, ಅದನ್ನು ತುಳಿಯದಂತೆ ನಡೆದು ಹೋದರು. ಮಧ್ಯಾಹ್ನ ಮಳೆ ಬಂದು ಇಬ್ಬರ ಸಮಸ್ಯೆಯನ್ನೂ ತೊಳೆಯಿತು. ಈ ಪ್ರಸಂಗವನ್ನು ಸಿನಿಮಾ ಮಾಡಿದರೆ ಕ್ಯಾಮೆರಾ ಎಲ್ಲಿಡಬೇಕು ಹೇಳಿ. ನೀರು ಸುರಿದ ನನ್ನ ಮೇಲೋ, ಹಾಳೆ ಹಿಡಿದು ನಿಂತ ಅಜ್ಜಿಯ ಮೇಲೋ? ನನ್ನ ಕೇಳಿದರೆ ಹಾಳೆಯ ಮೇಲೆ.

ಈ ಹಾಳೆಗಳೇ ಈ ಬಗೆಯ ಹಾಸ್ಯದ ನಿಜವಾದ ನಾಯಕರು. ‘ಆಲ್ಮಾನ್ಯ’ದಲ್ಲಿ ಹುಸೇಯಿನ್‌ಗೆ ಒಂದು ಕೆಟ್ಟ ಕನಸು ಬೀಳುತ್ತದೆ. ಪಾಸ್‌ಪೋರ್ಟ್ ಕೊಡುವ ಅಧಿಕಾರಿ ಎದುರಿಗೆ ಕೂತು, ವಾರಕ್ಕೆ ಎರಡು ಸಲ ಹಂದಿ ತಿನ್ನುತ್ತೇನೆ, ಪ್ರತಿ ಭಾನುವಾರ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುತ್ತೇನೆ, ರಜೆಗೆ ಮಯೋರ್ಕಾ ದ್ವೀಪಕ್ಕೆ ಹೋಗುತ್ತೇನೆ ಎಂದು ಪ್ರಮಾಣ ಮಾಡಿಸುತ್ತಾನೆ. ಅತಿಯಾಯಿತು ಅನ್ನುವಿರಾ? ನಾನಿದ್ದ ರಾಜ್ಯದಲ್ಲೇ, ನಾನು ಬಿಟ್ಟು ಬಂದ ಮೇಲೆ, 2006ರಲ್ಲಿ ಪೌರತ್ವ ಕೇಳುವ ಮುಸ್ಲಿಂ ದೇಶಗಳ ಜನರಿಗೆಂದೇ ಮೂವತ್ತು ಪ್ರಶ್ನೆಗಳ ಕೈಪಿಡಿ ತಂದರು. ನಿನ್ನ ಮಗ ತಾನು ಸಲಿಂಗಿ ಎಂದರೆ ಏನು ಮಾಡುತ್ತೀ ಎಂಬುದೂ ಅದರಲ್ಲಿತ್ತು. ಗಲಾಟೆಯಾಗಿ, ಸರ್ಕಾರ ಬದಲಾಗಿ, 2011ರಲ್ಲಿ ಅದನ್ನು ಕೈಬಿಟ್ಟರು. 2008ರಿಂದ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇದೆ: 33 ಪ್ರಶ್ನೆ, 17 ಸರಿಯಾದರೆ ಪಾಸು. ಕ್ಲಾಸಿನಲ್ಲಿ ಆಟಕ್ಕೆ ಆಡಿಸುತ್ತೇನೆ. ನನ್ನ ನರ್ಸುಗಳು ಸಲೀಸಾಗಿ ದಾಟುತ್ತಾರೆ. ಅಂಥದ್ದೇ 33 ಪ್ರಶ್ನೆ ಕರ್ನಾಟಕದ ಬಗ್ಗೆ ಕೊಟ್ಟರೆ ಹುಟ್ಟಾ ಕನ್ನಡಿಗರಲ್ಲಿ ಎಷ್ಟು ಜನ ಉಳಿದುಕೊಳ್ಳುತ್ತೇವೋ ನೋಡಬೇಕು.

ಸ್ವಿಟ್ಜರ್ಲೆಂಡಿನವರು ಈ ವಿಷಯದಲ್ಲಿ ಜರ್ಮನರಿಗೂ ಗುರುಗಳು. ರೋಲ್ಫ್ ಲಿಸಿ 1978ರಲ್ಲಿ ‘ಡೀ ಶ್ವೈಟ್ಸರ್‌ಮಾಖರ್’ ಎಂಬ ಚಿತ್ರ ತೆಗೆದರು. ಸ್ವಿಸ್ ಜನರನ್ನು ತಯಾರಿಸುವವರು ಎಂದರ್ಥ. ಪೌರತ್ವ ಕೇಳಿದವರ ಬೆನ್ನು ಬೀಳುವ ಇಬ್ಬರು ಪೊಲೀಸರು, ಒಬ್ಬ ಕಟ್ಟಾ ಸ್ವಿಸ್, ಇನ್ನೊಬ್ಬ ಮೆತ್ತನೆಯವನು. ಅರ್ಜಿದಾರರಲ್ಲಿ ಒಬ್ಬ ಇಟಲಿಯ ಮಿಠಾಯಿಗಾರ, ಯುಗೊಸ್ಲಾವಿಯಾದ ನರ್ತಕಿ, ಸ್ವಿಸ್‌ರಿಗಿಂತ ಹೆಚ್ಚು ಸ್ವಿಸ್ ಆಗಲು ಹೆಣಗುವ ಜರ್ಮನ್ ಮನೋವೈದ್ಯ ದಂಪತಿ. ಬಡವ ಸಹಜವಾಗಿದ್ದರೆ ಸಂಶಯ, ಸಾಹುಕಾರ ನಟಿಸಿದರೆ ಮೆಚ್ಚುಗೆ. ಆ ಪುಟ್ಟ ದೇಶದಲ್ಲಿ ಒಂಬತ್ತು ಲಕ್ಷಕ್ಕೂ ಮೀರಿ ಟಿಕೆಟ್ ಮಾರಿದ ಚಿತ್ರವದು. ನಕ್ಕು ಮನೆಗೆ ಹೋದ ಜನ ಬದಲಾದರೇ? ಹಾಗೇನೂ ಇಲ್ಲ. ಸುಮಾರು ನಾಲ್ಕು ದಶಕ ಕಳೆದ ಮೇಲೆ, ಆರ್ಗಾವ್ ಕ್ಯಾಂಟನ್ನಿನ ಹಳ್ಳಿಯೊಂದರಲ್ಲಿ, ಹಾಲೆಂಡಿನಲ್ಲಿ ಹುಟ್ಟಿ ಬಾಲ್ಯದಿಂದ ಸ್ವಿಟ್ಜರ್ಲೆಂಡಿನಲ್ಲೇ ಬೆಳೆದ ಮಹಿಳೆಗೆ ಊರಸಭೆ ಎರಡು ಸಲ ಪೌರತ್ವ ನಿರಾಕರಿಸಿತು. ಹಸುಗಳ ಕೊರಳಿಗೆ ಭಾರದ ಗಂಟೆ ಕಟ್ಟಬೇಡಿ ಎಂದು ಆಕೆ ಊರಲ್ಲಿ ತಕರಾರು ತೆಗೆದಿದ್ದಳು. ಕೊನೆಗೆ 2017ರಲ್ಲಿ ಕ್ಯಾಂಟನ್ ಸರ್ಕಾರ ನಡುವೆ ಬಂದು ಕೊಡಿಸಿತು. ಸಿನಿಮಾದವರಿಗೆ ಇಷ್ಟು ಕಟ್ಟುವ ಧೈರ್ಯ ಇರುತ್ತಿರಲಿಲ್ಲ.

ಅದೇ ನೆಲದಲ್ಲಿ ನಡೆಯುವ, ಇಟಲಿಯವರು ತೆಗೆದ ಇನ್ನೊಂದು ಚಿತ್ರ ನನಗೆ ಇನ್ನೂ ಹತ್ತಿರದ್ದು. ಫ್ರಾಂಕೊ ಬ್ರುಸಾಟಿಯವರ ‘ಬ್ರೆಡ್ ಮತ್ತು ಚಾಕೊಲೇಟ್’, 1974. ನೀನೊ ಮ್ಯಾನ್‌ಫ್ರೆಡಿ ಅದರಲ್ಲಿ ಸ್ವಿಸ್ ಹೋಟೆಲಿನ ಸಪ್ಲೈಯರ್. ಶುರುವಿನಲ್ಲೇ ಒಂದು ಉದ್ಯಾನ. ಇಸ್ತ್ರಿ ಮಾಡಿದಂಥ ಹುಲ್ಲು, ಮೆಲ್ಲಗೆ ಪಿಟೀಲು ನುಡಿಸುವ ಕಲಾವಿದರು, ಬಾಯಿ ಬಿಡದ ಮಕ್ಕಳು. ನೀನೊ ಬೆಂಚಿನ ಮೇಲೆ ಕೂತು ಬ್ರೆಡ್ ಕಚ್ಚುತ್ತಾನೆ. ಕರ್ರ್! ಎಲ್ಲರೂ ತಿರುಗಿ ನೋಡುತ್ತಾರೆ. ಅಷ್ಟೇ ದೃಶ್ಯ. ರೈಲಿನಲ್ಲಿ ಕೊಬ್ಬರಿ ಚಟ್ನಿಪುಡಿಯ ಡಬ್ಬಿ ತೆರೆದು, ಸುತ್ತಲಿನ ಮೂಗುಗಳು ನಮ್ಮತ್ತ ತಿರುಗಿದ್ದು ನೆನಪಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಆ ಚಿತ್ರದ ನಗು ಹೋಗ್ತಾ ಹೋಗ್ತಾ ಕಹಿಯಾಗುತ್ತದೆ. ಪರವಾನಗಿ ಇಲ್ಲದ ನೇಪಲ್ಸ್‌ನ ಕೂಲಿಗಳು ಕೋಳಿಗೂಡಿನಲ್ಲೇ ಸಂಸಾರ ಹೂಡಿದ್ದಾರೆ. ತಗ್ಗಿನ ಮಾಡಿಗೆ ಬಗ್ಗಿ ಬಗ್ಗಿ ನಡೆದು, ಕೋಳಿಗಳನ್ನು ಅಣಕಿಸುತ್ತ ತಾವೇ ಕೋಳಿಗಳಾಗಿಬಿಡುತ್ತಾರೆ. ಗೂಡಿನ ಜಾಲರಿಯ ಆಚೆ ಹೊಳೆಯಲ್ಲಿ ಹೊಂಗೂದಲಿನ ಸ್ವಿಸ್ ಹುಡುಗ ಹುಡುಗಿಯರು ಮೀಯುತ್ತಾರೆ, ಇವರು ಜಾಲರಿಗೆ ಮೂಗು ಒತ್ತಿ ನೋಡುತ್ತಾರೆ. ಅಲ್ಲಿಂದ ಹೊರಟ ನೀನೊ ಮಾಡುವ ಮೊದಲ ಕೆಲಸ ಕೂದಲಿಗೆ ಹೊನ್ನಿನ ಬಣ್ಣ ಹಾಕಿಸಿಕೊಳ್ಳುವುದು. ಬಾರಿನಲ್ಲಿ ಸ್ವಿಸ್‌ನಂತೆ ಗಂಭೀರವಾಗಿ ಕೂತು ಫುಟ್‌ಬಾಲ್ ನೋಡುತ್ತಿರುವಾಗ ಇಟಲಿ ಗೋಲು ಹೊಡೆಯುತ್ತದೆ. ತಡೆಯಲಾರದೆ ಕೂಗಿಬಿಡುತ್ತಾನೆ. ನಾನು ಬೆಂಗಳೂರಿನಲ್ಲಿ ತಿದ್ದಿಕೊಂಡ ನಾಲಿಗೆಯೂ ಸಿಟ್ಟು ಬಂದಾಗ ಸೀದಾ ಗದಗಿಗೆ ಹಾರುತ್ತದೆ.

ನನ್ನ ಒರೆಗಲ್ಲಿಗೆ ಸಿಕ್ಕದೆ ಜಾರುವ ಚಿತ್ರವೂ ಒಂದಿದೆ. ಇಸ್ರೇಲಿನ ‘ಸಲ್ಲಾ ಶಬಾಟಿ’, 1964. ನಿರ್ದೇಶಕ ಎಫ್ರಾಯಿಮ್ ಕಿಶೋನ್ ತಾನೂ ಹಂಗೇರಿಯಿಂದ ಹೋದ ವಲಸಿಗ. ಪೂರ್ವದ ಯಾವುದೋ ನಾಡಿನಿಂದ ಹೆಂಡತಿ, ಏಳು ಮಕ್ಕಳು, ಯಾರ ಕಡೆಯ ನೆಂಟಳೋ ತಿಳಿಯದ ಒಬ್ಬ ಮುದುಕಿಯ ಸಮೇತ ಬಂದಿಳಿದ ಸಲ್ಲಾನನ್ನು ಸೋರುವ ಗುಡಿಸಿಲಿಗೆ ಹಾಕುತ್ತಾರೆ. ಹಾಯಿಮ್ ಟೊಪೋಲ್ ಮೂವತ್ತೂ ತುಂಬದ ವಯಸ್ಸಿನಲ್ಲಿ ಆ ಮಧ್ಯವಯಸ್ಕನಾಗಿ ನಟಿಸಿದ್ದಾರೆ. ಕಾಡು ಬೆಳೆಸುವ ಕೂಲಿಗೆ ಹೋದ ಸಲ್ಲಾನ ಎದುರೇ ಅಮೆರಿಕದ ದಾನಿಯೊಬ್ಬರು ಕಾರಿನಿಂದಿಳಿದು, ತಮ್ಮ ಹೆಸರಿನ ಫಲಕದ ಮುಂದೆ ಕಣ್ಣೊರೆಸಿಕೊಂಡು ಹೋಗುತ್ತಾರೆ. ಕಾರು ಮರೆಯಾದದ್ದೇ ಅಧಿಕಾರಿ ಫಲಕ ಕಿತ್ತು ಇನ್ನೊಂದು ಹೆಸರಿನದ್ದು ನೆಡುತ್ತಾನೆ, ಮುಂದಿನ ದಾನಿ ಬರುತ್ತಿದ್ದಾರೆ. ಕಾಡು ಒಂದೇ. ಚುನಾವಣೆ ಬಂದಾಗ ಸಲ್ಲಾ ಎಲ್ಲ ಪಕ್ಷಗಳಿಗೂ ಮಾತು ಕೊಟ್ಟು, ಮಾತು ಉಳಿಸಿಕೊಳ್ಳಲು ಎಲ್ಲ ಚೀಟಿಗಳನ್ನೂ ಒಂದೇ ಲಕೋಟೆಗೆ ತುರುಕುತ್ತಾನೆ. ಈ ಎರಡು ದೃಶ್ಯ ನಮ್ಮ ಯಾವ ತಾಲೂಕಿನಲ್ಲಿ ಬೇಕಾದರೂ ನಡೆಯಬಹುದು. ಆದರೆ ಸಲ್ಲಾ ಸೋಮಾರಿ, ಕುಡುಕ, ಮಗಳಿಗೆ ಬೆಲೆ ಕಟ್ಟುವವನು. ಯುರೋಪಿನಿಂದ ಹೋದ ಯಹೂದಿಗಳು ಅರಬ್ ನಾಡುಗಳಿಂದ ಬಂದ ಯಹೂದಿಗಳನ್ನು ಹೇಗೆ ಕಂಡರು ಎಂಬುದಕ್ಕೆ ಇದೇ ಸಾಕ್ಷಿ ಎಂದು ಇರಾಕಿ ಯಹೂದಿ ಮೂಲದ ವಿದ್ವಾಂಸೆ ಎಲಾ ಶೊಹಾತ್ ಕಟುವಾಗಿ ಬರೆದಿದ್ದಾರೆ. ಅವರ ಮಾತು ಸರಿ. ಆದರೂ ಆ ಫಲಕದ ದೃಶ್ಯ ಬಂದರೆ ನನಗೆ ನಗು ತಡೆಯಲಾಗುವುದಿಲ್ಲ. ಎರಡನ್ನೂ ಹೇಳಿಬಿಡುತ್ತೇನೆ.

ಇನ್ನು ನಮ್ಮ ಕಡೆ. ಕನ್ನಡ ಸಿನಿಮಾ ವಲಸೆಯನ್ನು ಮುಟ್ಟಿಲ್ಲವೆಂದಲ್ಲ. ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕ! ಅಮೆರಿಕ!!’ 1997ರಲ್ಲೇ ಬಂತು, ಜನ ಮೆಚ್ಚಿದರು. ಹೋದವರನ್ನು ನೆನೆದು ಮರುಗುವುದು ನಮಗೆ ಚೆನ್ನಾಗಿ ಬರುತ್ತದೆ. ಬಂದವರ ವಿಷಯದಲ್ಲಿ ಮಾತ್ರ ನಮ್ಮ ಹಾಸ್ಯ ಹಳೇ ನಾಟಕ ಕಂಪನಿಯ ಕಾಲದಲ್ಲೇ ನಿಂತಿದೆ. ಗಿರವಿ ಅಂಗಡಿಯ ಸೇಟು ಗಂಡಸನ್ನು ‘ಅವಳು’ ಎನ್ನಬೇಕು, ಗೂರ್ಖಾ ‘ಶಾಬ್’ ಎನ್ನಬೇಕು, ಮಲಯಾಳಿ ನರ್ಸು ಮೂಗಿನಲ್ಲಿ ಮಾತಾಡಬೇಕು, ಉತ್ತರ ಕರ್ನಾಟಕದವನು ರೊಟ್ಟಿ ಹೊರತು ಬೇರೇನೂ ಯೋಚಿಸಬಾರದು. ತೊದಲುವವರು ಯಾವಾಗಲೂ ಅವರೇ. ನಾವು ಅವರಿಗೆ ಹೇಗೆ ಕೇಳುತ್ತೇವೆ ಎಂದು ತೋರಿಸಿದ ಒಂದು ಕನ್ನಡ ಚಿತ್ರ ನನ್ನ ನೆನಪಿಗೆ ಬರುತ್ತಿಲ್ಲ.

ನಮ್ಮ ಬೀದಿಯ ಬ್ಯೂಟಿ ಪಾರ್ಲರಿನಲ್ಲಿ ಅಸ್ಸಾಮಿನ ಹುಡುಗಿ ಒಬ್ಬಳಿದ್ದಾಳೆ. ಹುಬ್ಬು ತೀಡುವಾಗ ಕೇಳಿದೆ, ಬಂದ ಹೊಸದರಲ್ಲಿ ಕನ್ನಡ ಹೇಗೆ ಕೇಳಿಸುತ್ತಿತ್ತಮ್ಮಾ ಎಂದು. ದಾರ ಬಾಯಲ್ಲಿ ಕಚ್ಚಿಕೊಂಡೇ ‘ಎಲ್ಲಾ ಲ್ಲಾ ಲ್ಲಾ, ಗುಳು ಗುಳು’ ಎಂದಳು. ಬಾಟಲಿಯಿಂದ ನೀರು ಬಗ್ಗಿಸಿದ ಹಾಗೆ ಅಂತೆ. ಈಗ ಆಕೆ ‘ಅಕ್ಕಾ, ಸ್ವಲ್ಪ ಮೇಲೆ ನೋಡಿ’ ಎಂದು ಅಚ್ಚಗನ್ನಡದಲ್ಲಿ ಗದರುತ್ತಾಳೆ, ಕಲಿಯಲು ಏಳು ತಿಂಗಳು ಹಿಡಿಯಿತಂತೆ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹದಿನಾರು ವರ್ಷದಿಂದ ಇರುವ ಸಾಫ್ಟ್‌ವೇರ್ ಸಾಹೇಬರಿಗೆ ‘ಸ್ವಲ್ಪ ಸ್ವಲ್ಪ’ ಎಂಬ ಎರಡು ಪದ ಬರುತ್ತದೆ, ಅದೂ ಒಂದೇ ಪದ. ನಾನು ಭಾಷೆ ಕಲಿಸಿ ಬದುಕುವವಳು. ಬಂದ ನಾಡಿನ ಮಾತು ಕಲಿಯಬೇಕು ಎಂಬುದರಲ್ಲಿ ನನಗೆ ರಿಯಾಯಿತಿ ಇಲ್ಲ. ಆದರೆ ನಮ್ಮ ಸಿಟ್ಟು ಹೋಗಿ ಬೀಳುವುದು ಪಾನಿಪುರಿ ಗಾಡಿಯವನ ಮೇಲೆ. ಸಾಹೇಬರ ಎದುರು ನಾವೇ ಇಂಗ್ಲಿಷಿಗೆ ತಿರುಗುತ್ತೇವೆ. ನಮ್ಮನ್ನು ನೋಡಿ ನಗಲು ಇದಕ್ಕಿಂತ ಒಳ್ಳೆಯ ದೃಶ್ಯ ಯಾವ ಚಿತ್ರಕಥೆಗಾರನಿಗೆ ಬೇಕು?

ಬೇಕಿದ್ದರೆ ಇನ್ನೊಂದು ಕೊಡುತ್ತೇನೆ. 2020ರ ಮೇ ತಿಂಗಳು. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡ ಬಿಹಾರ, ಉತ್ತರ ಪ್ರದೇಶದ ಕಟ್ಟಡ ಕೂಲಿಗಳು ಊರಿಗೆ ಹೋಗುತ್ತೇವೆಂದು ಸಾಲು ನಿಂತರು. ನಮ್ಮ ರಾಜ್ಯ ಸರ್ಕಾರ ಬಿಲ್ಡರುಗಳ ಜತೆ ಸಭೆ ನಡೆಸಿತು, ನಡೆಸಿದ ಮೇಲೆ ವಿಶೇಷ ರೈಲುಗಳನ್ನು ರದ್ದು ಮಾಡಿತು. ದೇಶವೆಲ್ಲ ಛೀಮಾರಿ ಹಾಕಿದಾಗ ಒಂದೆರಡು ದಿನದಲ್ಲಿ ಮತ್ತೆ ಬಿಟ್ಟಿತು. ಎಲ್ಲರೂ ‘ಹೊರಗಿನವರು ಹೋಗಲಿ’ ಎನ್ನುವ ಊರಿನಲ್ಲಿ, ಹೋಗುತ್ತೇವೆಂದು ನಿಂತವರಿಗೆ ರೈಲಿಲ್ಲ! ‘ಸಲ್ಲಾ ಶಬಾಟಿ’ಯ ಕೊನೆಯಲ್ಲೂ ಹೀಗೇ. ಬೇಕು ಅಂದದ್ದು ಈ ದೇಶದಲ್ಲಿ ಸಿಗುವುದಿಲ್ಲ ಎಂದು ಅರಿತ ಸಲ್ಲಾ, ಹೊಸ ಮನೆ ಬೇಡ, ಗುಡಿಸಿಲೇ ಇರಲಿ ಎಂದು ಮೆರವಣಿಗೆ ತೆಗೆಯುತ್ತಾನೆ. ತಕ್ಷಣ ಪೊಲೀಸರು ಬಂದು ಎಲ್ಲರನ್ನೂ ಎತ್ತಿ ಹೊಸ ಮನೆಗೆ ಹಾಕುತ್ತಾರೆ.

‘ಆಲ್ಮಾನ್ಯ’ ಮುಗಿದ ಮೇಲೆ ಕ್ಲಾಸಿಗೆ ಒಂದು ಕೆಲಸ ಕೊಟ್ಟೆ. ಇಬ್ಬಿಬ್ಬರು ಸೇರಿ ಪುಟ್ಟ ಪ್ರಹಸನ ಮಾಡಬೇಕು, ಮನೆಯವನು ಕಟ್ಟುಭಾಷೆ ಆಡಬೇಕು, ಬಂದವನು ಸರಿಯಾದ ಜರ್ಮನ್. ಜರ್ಮನ್ ಆಸ್ಪತ್ರೆಯ ದೃಶ್ಯ ಮಾಡುತ್ತಾರೆ ಅಂದುಕೊಂಡಿದ್ದೆ. ಕಲಬುರಗಿಯವಳು ಎದ್ದು, ಕರವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ಬೆಂಗಳೂರಿನ ಮನೆ ಮಾಲೀಕ! ಕೊಟ್ಟಾಯಂನ ತಂಗಿ ಬಾಡಿಗೆ ಕೇಳಲು ಬಂದವಳು. ಮಾಲೀಕರು ಲ್ಲಾ ಲ್ಲಾ ಗುಳು ಗುಳು ಎಂದು ಪ್ರಶ್ನೆ ಕೇಳತೊಡಗಿದರು. ನಡುನಡುವೆ ‘ನಾನ್‌ವೆಜ್’, ‘ಬ್ಯಾಚುಲರ್’, ‘ನೈಟ್ ಶಿಫ್ಟ್’ ಎಂಬ ಪದ ಮಾತ್ರ ಸ್ಪಷ್ಟ. ‘ಯಾವ ಜನ’ ಎಂಬುದನ್ನು ಬಾಯಲ್ಲಿ ಹೇಳದೆ, ಬೆರಳು ಆಡಿಸಿ, ಹುಬ್ಬು ಏರಿಸಿ ಕೇಳಿದಳು. ತಂಗಿ ಪ್ರತಿಯೊಂದಕ್ಕೂ ವಿನಯವಾಗಿ ‘ಇಷ್ ಫರ್‌ಶ್ಟೇಯೆ ನಿಷ್ಟ್’, ಅರ್ಥವಾಗಲಿಲ್ಲ ಎನ್ನುತ್ತ ಹೋದಳು. ಪ್ರಶ್ನೆಗಳನ್ನು ಎಣಿಸುತ್ತಿದ್ದ ಶಿರಸಿಯ ಹುಡುಗ ಹಿಂದಿನಿಂದ ಕೂಗಿದ: ‘ಇಪ್ಪತ್ತೆಂಟಾಯ್ತು ಮೇಡಂ, ಇನ್ನೆರಡಾದ್ರೆ ಸ್ಟುಟ್‌ಗಾರ್ಟ್!’

ನಾನೂ ನಗುತ್ತಿದ್ದೆ. ಹೋದ ವರ್ಷ ನಮ್ಮ ಮಹಡಿ ಮನೆ ನೋಡಲು ಬಂದ ದಂಪತಿಗೆ ನಾನು ಕೇಳಿದ ಪ್ರಶ್ನೆಗಳು ಇವೇ ಎಂದು ನೆನಪಾಗುವವರೆಗೆ ಚೆನ್ನಾಗಿಯೇ ನಗುತ್ತಿದ್ದೆ.

ಕೊನೆಗೆ ಮಾಲೀಕರು ಎದ್ದು ನಿಂತು, ಕಟ್ಟುಭಾಷೆ ಬಿಟ್ಟು ತಮ್ಮ ಕಲಬುರಗಿ ಕನ್ನಡಕ್ಕೇ ಬಂದರು. ಸ್ಟುಟ್‌ಗಾರ್ಟಿನ ಮೆಟ್ಟಿಲ ಕತೆ ಹಿಂದಿನ ವಾರವಷ್ಟೇ ನನ್ನಿಂದಲೇ ಕೇಳಿದ್ದವಳು.

‘ಮನಿ ಕೊಡ್ತೀನವಾ. ಖರೆ ವಾರಕ್ಕೊಮ್ಮಿ ಪಾವಟಿಗಿ ನೀನೇ ತೊಳೀಬೇಕು. ಮತ್ತ ನಮ್ಮ ಟೈಲ್ಸ್ ಮ್ಯಾಗ ರಂಗೋಲಿ ಪಂಗೋಲಿ ಹಾಕಿ ಗಿಕೀಯ!’